ಇರುಳುಗುರುಡು, ‘ಎ’ ಜೀವಸತ್ವ ಮತ್ತು ಹಿತ್ತಲಿನ ಸೊಪ್ಪು

ದೀಪ ಹೊತ್ತಿಸುವ ಸಮಯದಲ್ಲಿ, ಎಂದರೆ ಬೆಳಕು ಪೂರ್ತಿ ಹೋಗದೆ ಕತ್ತಲೆಯೂ ಪೂರ್ತಿ ಕವಿಯದೆ ಇರುವ ಹೊತ್ತಿನಲ್ಲಿ, ಮಿಕ್ಕ ಮಕ್ಕಳೆಲ್ಲ ಅಂಗಳದಲ್ಲಿ ಆಡುತ್ತಿದ್ದರೂ ಒಂದು ಮಗು ಮಾತ್ರ ಗೋಡೆಯ ಮಗ್ಗುಲಿಗೆ ಸೇರಿ ಕುಳಿತುಬಿಡುವುದುಂಟು. ಎದ್ದು ನಡೆದರೆ ಹೊಸ್ತಿಲನ್ನು ಎಡವುತ್ತದೆ. ಮುಂದಿಟ್ಟ ತಟ್ಟೆಯನ್ನು ಕೈಯಿಂದ ತಡಕುತ್ತದೆ. ಹಗಲಿನಲ್ಲಿ ಆ ಮಗುವಿಗೆ ಯಾವ ಕೊರತೆಯೂ ಕಾಣದು. ಆದಕಾರಣ ತಾಯಿತಂದೆಗಳು ಇದನ್ನು ಹಟವೆಂದೋ ಮಂಕುತನವೆಂದೋ ಭಾವಿಸಿ ಸುಮ್ಮನಿರುತ್ತಾರೆ. ಇದಕ್ಕೆ ಇರುಳುಗುರುಡು ಎಂದು ಹೆಸರು. ದೇಹದಲ್ಲಿ ‘ಎ’ ಜೀವಸತ್ವವು ಬರಿದಾಗುತ್ತ ಬಂದಿದೆಯೆಂಬುದಕ್ಕೆ ಮನೆಯವರ ಕಣ್ಣಿಗೆ ಬೀಳುವ ಮೊದಲನೆಯ ಗುರುತು ಇದೇ. ಈ ಹಂತದಲ್ಲಿ ಎಚ್ಚೆತ್ತರೆ ಕೆಲವು ದಿನಗಳಲ್ಲಿಯೇ ದೃಷ್ಟಿ ಮರಳುತ್ತದೆ. ಅಲಕ್ಷ್ಯ ಮಾಡಿದರೆ ಮುಂದೆ ಆಗುವ ಹಾನಿಯನ್ನು ಯಾವ ವೈದ್ಯರೂ ಪೂರ್ತಿಯಾಗಿ ಸರಿಪಡಿಸಲಾರರು.

ಹೀಗಾಗಲು ಕಾರಣವೇನೆಂಬುದನ್ನು ಮೊದಲು ತಿಳಿಯತಕ್ಕದ್ದು. ಕಣ್ಣಿನ ಒಳಪರದೆಯಲ್ಲಿ ಮಂದ ಬೆಳಕನ್ನು ಗ್ರಹಿಸುವುದಕ್ಕೆಂದೇ ಇರುವ ಸೂಕ್ಷ್ಮ ಕಣಗಳುಂಟು. ಅವುಗಳಲ್ಲಿ ನಸುನೇರಳೆಯ ಒಂದು ಬಣ್ಣದ್ರವ್ಯವಿರುತ್ತದೆ. ಬೆಳಕು ಬಿದ್ದೊಡನೆ ಅದು ಬಿಳಿಚಿಕೊಳ್ಳುತ್ತದೆ, ಕತ್ತಲೆಯಲ್ಲಿ ಮತ್ತೆ ಕೂಡಿಕೊಳ್ಳುತ್ತದೆ. ಹೀಗೆ ಕೂಡಿಕೊಳ್ಳುವುದಕ್ಕೆ ‘ಎ’ ಜೀವಸತ್ವವು ಬೇಕೇಬೇಕು. ಜಾರ್ಜ್ ವಾಲ್ಡ್ ಎಂಬ ವಿಜ್ಞಾನಿ ಈ ಸತ್ವವು ಕಣ್ಣಿನ ಒಳಪರದೆಯಲ್ಲಿಯೇ ಇರುವುದನ್ನು ೧೯೩೩ರಲ್ಲಿ ಕಂಡುಹಿಡಿದರು.

ಆದರೆ ಈ ಸತ್ವದ ಕೆಲಸವು ಕಣ್ಣಿನ ಒಳಗಡೆಗೇ ಮುಗಿಯುವುದಿಲ್ಲ. ಕಣ್ಣಿನ ಹೊರಮೈ, ಮೂಗು, ಗಂಟಲು, ಶ್ವಾಸಕೋಶ, ಕರುಳು ಮುಂತಾದುವುಗಳ ಒಳಗೆ ಹೊದಿಸಿದಂತಿರುವ ತೇವವಾದ ತೆಳುಪೊರೆಯನ್ನು ಕಾಪಾಡತಕ್ಕದ್ದೂ ಇದೇ. ಸತ್ವವು ಸಾಲದೆ ಹೋದರೆ ಪೊರೆಯು ಒಣಗಿ ಒರಟಾಗುತ್ತದೆ. ಕಣ್ಣಿನ ಬಿಳಿಭಾಗದ ಹೊಳಪು ಹೋಗಿ, ಅಲ್ಲಿ ಸಾಬೂನಿನ ನೊರೆ ಅಂಟಿದಂತೆ ಬೂದುಬಿಳುಪಿನ ಮಚ್ಚೆ ಕಾಣಿಸುತ್ತದೆ. ಅನಂತರ ಕರಿಗುಡ್ಡೆಯ ಮೇಲಿನ ಪಾರದರ್ಶಕವಾದ ಪೊರೆಯು ಒಣಗಿ, ಮೆತ್ತಗಾಗಿ, ಹುಣ್ಣಾಗಿ, ಕಡೆಗೆ ಕರಗಿಹೋಗುವುದೂ ಉಂಟು. ಇರುಳುಗುರುಡಿನಿಂದ ಈ ಹಂತಕ್ಕೆ ಬರಲು ಯಾವಾಗಲೂ ಬಹುಕಾಲ ಹಿಡಿಯುತ್ತದೆಂದು ನಂಬಬಾರದು. ಸತ್ವವು ಕಡಮೆಯಿರುವ ಮಗುವಿಗೆ ದಡಾರವೋ ಭೇದಿಯೋ ತಗುಲಿದರೆ ಕೆಲವೇ ದಿನಗಳಲ್ಲಿ ಕಣ್ಣು ಹೋಗಬಹುದು.

ಕರುಳು ಮತ್ತು ಶ್ವಾಸಕೋಶದ ಪೊರೆಯು ದುರ್ಬಲವಾದಾಗ ರೋಗಾಣುಗಳಿಗೆ ಬಾಗಿಲು ತೆರೆದಿಟ್ಟಂತಾಗುತ್ತದೆ. ಆದುದರಿಂದ ಇಂತಹ ಮಕ್ಕಳು ಕಣ್ಣು ಕಳೆದುಕೊಳ್ಳುವುದಕ್ಕಿಂತ ಪ್ರಾಣ ಕಳೆದುಕೊಳ್ಳುವುದೇ ಹೆಚ್ಚು. ನೆರೆಯ ತಮಿಳುನಾಡಿನ ತಿರುಚಿರಾಪಳ್ಳಿ ಜಿಲ್ಲೆಯಲ್ಲಿ ಸುಮಾರು ೧೫,೦೦೦ ಮಕ್ಕಳನ್ನು ಒಂದು ವರ್ಷ ಪರೀಕ್ಷಿಸಿ ೧೯೯೦ರಲ್ಲಿ ಪ್ರಕಟಿಸಿದ ವರದಿಯೊಂದುಂಟು. ವಾರಕ್ಕೊಮ್ಮೆ ಸ್ವಲ್ಪ ಸ್ವಲ್ಪವಾಗಿ ಈ ಸತ್ವವನ್ನು ಪಡೆದ ಮಕ್ಕಳಲ್ಲಿ ಮರಣಗಳು ಪಡೆಯದವರಲ್ಲಿ ಆದುದರ ಅರ್ಧಕ್ಕಿಂತ ಕಡಮೆಯಾದುವು. ಅಲ್ಲಿ ಕೊಟ್ಟ ಪ್ರಮಾಣವು ಒಳ್ಳೆಯ ಆಹಾರದಿಂದ ಒಂದು ವಾರದಲ್ಲಿ ದೊರೆಯಬಹುದಾದಷ್ಟೇ ಎಂಬುದನ್ನು ರೈತರು ವಿಶೇಷವಾಗಿ ಗಮನಿಸಬೇಕು. ಎಲ್ಲ ಕಡೆಯೂ ಇಷ್ಟೇ ದೊಡ್ಡ ಫಲ ಬಂದಿತೆಂದು ಹೇಳಲಾಗದು. ಉತ್ತರ ಪ್ರದೇಶದಲ್ಲಿ ಸುಮಾರು ಹತ್ತು ಲಕ್ಷ ಮಕ್ಕಳಿಗೆ ಆರಾರು ತಿಂಗಳಿಗೊಮ್ಮೆ ಹೆಚ್ಚಿನ ಪ್ರಮಾಣವನ್ನು ಕೊಟ್ಟು ನೋಡಿದ ಪರೀಕ್ಷೆಯ ವರದಿಯು ೨೦೧೩ರಲ್ಲಿ ಹೊರಬಂದಿತು. ಅಲ್ಲಿ ಕಂಡ ಫಲವು ಬಹಳ ಅಲ್ಪ. ಎಲ್ಲಿ ಕೊರತೆಯು ಹೆಚ್ಚೋ ಅಲ್ಲಿ ಲಾಭವೂ ಹೆಚ್ಚೆಂಬುದು ನಮ್ಮ ಅಭಿಪ್ರಾಯ.

ಈ ಸತ್ವವನ್ನು ಮೊದಲು ಗುರುತಿಸಿದುದು ಅಮೆರಿಕದ ವಿಸ್ಕಾನ್ಸಿನ್ ಪ್ರಾಂತದ ಕೃಷಿ ಕಾಲೇಜೊಂದರಲ್ಲಿ ಎಂಬುದು ಬೇಸಾಯಗಾರರಿಗೆ ಸಂತೋಷದ ವಿಷಯ. ೧೯೧೩ರಲ್ಲಿ ಮೆಕಾಲಮ್ ಮತ್ತು ಡೇವಿಸ್ ಎಂಬುವರು ಇಲಿಗಳನ್ನು ಸಾಕಿ, ಕೆಲವಕ್ಕೆ ಬೆಣ್ಣೆಯ ಜಿಡ್ಡನ್ನೂ ಕೆಲವಕ್ಕೆ ಹಂದಿಯ ಕೊಬ್ಬನ್ನೂ ತಿನ್ನಿಸಿ ನೋಡಿದರು. ಬೆಣ್ಣೆಯನ್ನು ತಿಂದುವು ಬೆಳೆದುವು. ಹಂದಿಕೊಬ್ಬನ್ನು ತಿಂದುವು ಬೆಳವಣಿಗೆ ನಿಂತು ಸೊರಗಿದುವು. ಕೆಲವೇ ವರ್ಷಗಳಲ್ಲಿ ಇದೇ ಪರೀಕ್ಷೆಯು, ಯಾರೂ ಬಯಸದೆ, ಮನುಷ್ಯರ ಮೇಲೆ ನಡೆದುಹೋಯಿತು. ಮೊದಲ ಮಹಾಯುದ್ಧದ ಕಾಲದಲ್ಲಿ ಡೆನ್ಮಾರ್ಕ್ ದೇಶವು ತನ್ನ ಬೆಣ್ಣೆಯನ್ನೆಲ್ಲ ಪರದೇಶಗಳಿಗೆ ಮಾರಿ, ಬಡವರ ಮಕ್ಕಳು ಕೆನೆ ತೆಗೆದ ಹಾಲು ಮತ್ತು ಕೃತಕ ಬೆಣ್ಣೆಯಿಂದ ಕಾಲ ಕಳೆಯುವಂತಾಯಿತು. ಆ ಮಕ್ಕಳಲ್ಲಿ ಕಣ್ಣು ಒಣಗುವ ಈ ರೋಗವು ಹರಡಿತು. ೧೯೧೮ರಲ್ಲಿ ಬೆಣ್ಣೆಯು ದೇಶದೊಳಗೇ ಉಳಿದು ಮನೆಮನೆಗೂ ಪಡಿಯಾಗಿ ದೊರೆತೊಡನೆ ರೋಗವು ಮಾಯವಾಯಿತು. ಮಾರುಕಟ್ಟೆಯಲ್ಲಿ ಬೆಲೆಯುಳ್ಳುದನ್ನೆಲ್ಲ ಮಾರಿ, ಉಳಿದುದನ್ನು ಮಕ್ಕಳ ತಟ್ಟೆಗೆ ಹಾಕುವ ರೂಢಿಯು ನಮ್ಮ ಹಳ್ಳಿಗಳಿಗೂ ಹೊಸದಲ್ಲ.

ಆಹಾರದಲ್ಲಿ ಈ ಸತ್ವವು ಎರಡು ರೂಪದಲ್ಲಿ ದೊರೆಯುತ್ತದೆ. ಪ್ರಾಣಿಗಳಿಂದ ಬಂದ ಹಾಲಿನ ಕೆನೆ, ಬೆಣ್ಣೆ, ತುಪ್ಪ, ಮೊಟ್ಟೆಯ ಹಳದಿ, ಈಲಿ, ಮೀನೆಣ್ಣೆ ಇವುಗಳಲ್ಲಿ ಅದು ಸಿದ್ಧರೂಪದಲ್ಲಿಯೇ ಇರುತ್ತದೆ. ಗಿಡಗಳಲ್ಲಿ ಸಿದ್ಧರೂಪದಲ್ಲಿಲ್ಲ, ಕ್ಯಾರೊಟೀನ್ ಎಂಬ ಹಳದಿ ಬಣ್ಣದ್ರವ್ಯವಾಗಿದ್ದು, ನಮ್ಮ ದೇಹದೊಳಕ್ಕೆ ಹೋದ ಮೇಲೆ ಸತ್ವವಾಗಿ ಮಾರ್ಪಡುತ್ತದೆ. ಸೊಪ್ಪಿನಲ್ಲಿ ಹಸುರು ಬಣ್ಣವು ಈ ಹಳದಿಯನ್ನು ಮುಚ್ಚಿಬಿಡುವುದರಿಂದ ಅದು ಕಣ್ಣಿಗೆ ಕಾಣದು. ಎಲೆಯು ಎಷ್ಟು ಕಡುಹಸುರೋ ಅಷ್ಟು ಕ್ಯಾರೊಟೀನ್ ಹೆಚ್ಚೆಂದು ಸ್ಥೂಲವಾಗಿ ತಿಳಿಯಬಹುದು. ಎಲೆಕೋಸಿನ ಹೊರಗಿನ ಹಸುರೆಲೆಯನ್ನು ಕಿತ್ತೆಸೆದು ಒಳಗಿನ ಬಿಳಿಭಾಗವನ್ನು ಬೆಲೆಕೊಟ್ಟು ತರುವವರು ಇದನ್ನು ಯೋಚಿಸಬೇಕು.

ಅಕ್ಕಿಯಲ್ಲಿ ಈ ಸತ್ವವು ಇಲ್ಲವೇ ಇಲ್ಲ. ರಾಗಿಯು ಸುಣ್ಣದ ಅಂಶಕ್ಕೆ ಹೆಸರಾದ ಧಾನ್ಯವಾದರೂ ಇದರಲ್ಲಿ ಬಡವೇ, ಬಿಳಿಜೋಳವೂ ಹಾಗೆಯೇ. ಕಡಲೆಕಾಯೆಣ್ಣೆ, ಕೊಬ್ಬರಿಯೆಣ್ಣೆಗಳಲ್ಲಿ ಸಹಜವಾಗಿ ಇಲ್ಲ. ಈಚೆಗೆ ಕೆಲವು ಎಣ್ಣೆಗಳಿಗೂ ಹಾಲಿಗೂ ಕಾರಖಾನೆಯಲ್ಲಿ ಸೇರಿಸಿ ಮಾರುತ್ತಾರೆ. ಎಂದಮೇಲೆ ಮುದ್ದೆ, ಅನ್ನ, ನೀರು ಸಾರುಗಳಿಂದ ಹೊಟ್ಟೆ ತುಂಬಿದ ಮಗುವಿಗೂ ಇರುಳುಗುರುಡು ಬರಬಹುದು. ಹಸಿವು ಹೊಟ್ಟೆಯಲ್ಲಿ ತಿಳಿಯುತ್ತದೆ. ಈ ಕೊರತೆಯು ಹೊಟ್ಟೆಗೆ ತಿಳಿಯುವುದಿಲ್ಲ.

ನಮ್ಮ ಸೊಪ್ಪುಗಳ ವಿಷಯಕ್ಕೆ ಬರೋಣ. ನೀಲಗಿರಿಯ ಕೂನೂರಿನಲ್ಲಿ ೧೯೧೮ರಲ್ಲಿ ಮೆಕ್ಯಾರಿಸನ್‌ರವರು ಆರಂಭಿಸಿದ ಪ್ರಯೋಗಶಾಲೆಯು ನಮ್ಮ ದೇಶದ ಆಹಾರಪದಾರ್ಥಗಳ ಗುಣವನ್ನು ಒಂದೊಂದಾಗಿ ಅಳೆದು ೧೯೩೭ರಲ್ಲಿ ಕೋಷ್ಟಕವನ್ನು ಪ್ರಕಟಿಸಿತು. ಆ ಸಂಸ್ಥೆಯೇ ೧೯೫೮ರಲ್ಲಿ ಹೈದರಾಬಾದಿಗೆ ವರ್ಗವಾಗಿ ಈಗ ರಾಷ್ಟ್ರೀಯ ಪೌಷ್ಟಿಕತಾ ಸಂಸ್ಥೆಯೆಂದು ಹೆಸರಾಗಿದೆ. ಅದರ ಕೋಷ್ಟಕಗಳ ಪ್ರಕಾರ, ನೂರು ಗ್ರಾಂ ಹಸಿಪದಾರ್ಥದಲ್ಲಿ, ಮೈಕ್ರೋಗ್ರಾಂ (ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಪಾಲು) ಲೆಕ್ಕದಲ್ಲಿ, ಕರಿಬೇವಿನಲ್ಲಿ ಸುಮಾರು ೭,೫೦೦, ಕೊತ್ತಂಬರಿಯಲ್ಲಿ ೬,೯೦೦, ನುಗ್ಗೆಸೊಪ್ಪಿನಲ್ಲಿ ೬,೮೦೦, ದಂಟಿನ ಸೊಪ್ಪಿನಲ್ಲಿ ೫,೫೦೦, ಅಗಸೆಸೊಪ್ಪಿನಲ್ಲಿ ೫,೪೦೦ ಕ್ಯಾರೊಟೀನ್ ಇರುತ್ತದೆ. ಮಾಗಿದ ಮಾವಿನಲ್ಲಿ ಸುಮಾರು ೨,೭೦೦, ಗಜ್ಜರಿಯಲ್ಲಿ ೧,೯೦೦, ಪರಂಗಿಹಣ್ಣಿನಲ್ಲಿ ೬೭೦ ಮಾತ್ರ. ತಳಿ, ನೆಲ, ಬಲಿತ ಕಾಲ ಇವುಗಳಿಂದ ಈ ಅಂಕಿಗಳು ಬಹಳ ಹೆಚ್ಚು ಕಡಮೆಯಾಗುತ್ತವೆ. ಕೆಂಪುತಿರುಳಿನ ಗಜ್ಜರಿಗೂ ಕಿತ್ತಳೆಬಣ್ಣದ್ದಕ್ಕೂ ಭೇದವುಂಟು. ಹೇಗಾದರೂ ಪೇಟೆಯವರು ಕಣ್ಣಿಗೆ ಒಳ್ಳೆಯದೆಂದು ಕೊಂಡಾಡುವ ಗಜ್ಜರಿಗಿಂತ ನಮ್ಮ ನುಗ್ಗೆಸೊಪ್ಪಿನಲ್ಲಿ ಕ್ಯಾರೊಟೀನ್ ಹಲವು ಪಾಲು ಹೆಚ್ಚು. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯು ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಕಾಯನ್ನು ಹುಳಿಗೆ ಹಾಕಿ, ಸೊಪ್ಪನ್ನು ಮೇಕೆಗೆ ಹಾಕುವ ಮನೆಗಳು ಎಷ್ಟೋ ಇವೆ. ಅಗಸೆಯೆಂದರೆ ಇಲ್ಲಿ ವೀಳ್ಯದೆಲೆಯ ತೋಟದಲ್ಲಿ ಬಳ್ಳಿ ಹಬ್ಬಿಸಲು ಬೆಳೆಸುವ ಮರವೆಂದು ತಿಳಿಯಬೇಕು. ಎಣ್ಣೆಕಾಳಿನ ಅಗಸೆ ಬೇರೆ. ಕರಿಬೇವನ್ನು ಒಗ್ಗರಣೆಗೆ ನಾಲ್ಕೆಲೆ ಹಾಕಿ ಎಲೆಯ ತುದಿಗೆ ಆರಿಸಿಡುವುದರಿಂದ ಏನೂ ಪ್ರಯೋಜನವಿಲ್ಲ. ಚಟ್ನಿಪುಡಿಗೆ ಅರೆದರೆ ಒಳಕ್ಕೆ ಹೋದೀತು.

ಹಾಗಾದರೆ ಒಂದು ಹಿಡಿ ಸೊಪ್ಪು ಸಾಕೇ? ಇಲ್ಲಿ ಲೆಕ್ಕವನ್ನು ಉದಾರವಾಗಿ ಮಾಡಬಾರದು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯು ೨೦೨೦ರಲ್ಲಿ ಗೊತ್ತುಮಾಡಿದಂತೆ ನಾಲ್ಕರಿಂದ ಆರು ವರ್ಷದ ಮಗುವಿಗೆ ದಿನಕ್ಕೆ ೫೧೦ ಮೈಕ್ರೋಗ್ರಾಂ ಸಿದ್ಧಸತ್ವವು ಬೇಕು. ಕ್ಯಾರೊಟೀನ್ ಪೂರ್ತಿಯಾಗಿ ಸತ್ವವಾಗುವುದಿಲ್ಲ. ಅಮೆರಿಕದ ತಜ್ಞರು ೨೦೦೧ರಲ್ಲಿ ಮಾಡಿದ ಗಣನೆಯಂತೆ ಆಹಾರದಲ್ಲಿರುವ ಹನ್ನೆರಡು ಪಾಲು ಕ್ಯಾರೊಟೀನಿಗೆ ಒಂದು ಪಾಲು ಸತ್ವ. ಮೂವತ್ತು ಗ್ರಾಂ ನುಗ್ಗೆಸೊಪ್ಪಿನಲ್ಲಿ ಸುಮಾರು ೨,೦೦೦ ಮೈಕ್ರೋಗ್ರಾಂ ಕ್ಯಾರೊಟೀನ್ ಇದ್ದರೆ, ಮಗುವಿಗೆ ದಕ್ಕುವುದು ೧೭೦ರಷ್ಟು, ಎಂದರೆ ದಿನದ ಅಗತ್ಯದ ಮೂರನೆಯ ಒಂದು ಪಾಲು. ಇಂಡೊನೇಷ್ಯದಲ್ಲಿ ೧೯೯೦ರ ದಶಕದಲ್ಲಿ ನಡೆದ ಪರೀಕ್ಷೆಗಳು ಸೊಪ್ಪಿನಿಂದ ಇದಕ್ಕಿಂತಲೂ ಕಡಮೆ ದಕ್ಕುತ್ತದೆಂದೂ, ಹಣ್ಣುಗಳಿಂದ ಹೆಚ್ಚು ದಕ್ಕುತ್ತದೆಂದೂ ತೋರಿಸಿದುವು. ಎಲೆಯೊಳಗಿನ ಕ್ಯಾರೊಟೀನ್ ನಾರಿನ ಗೂಡಿನಲ್ಲಿ ಬಿಗಿಯಾಗಿ ಸಿಕ್ಕಿಕೊಂಡಿರುವುದೇ ಇದಕ್ಕೆ ಕಾರಣ. ಆದುದರಿಂದ ಅಂಕಿಯಲ್ಲಿ ಬಡವಾಗಿ ಕಾಣುವ ಪರಂಗಿಯನ್ನು ತಳ್ಳಿಹಾಕಬಾರದು. ಚಿಕ್ಕ ಮಗು ಸೊಪ್ಪನ್ನು ಉಗುಳೀತು, ಮಾಗಿದ ಪರಂಗಿಯನ್ನು ಮತ್ತೊಮ್ಮೆ ಕೇಳೀತು.

ಸೊಪ್ಪಿನಿಂದ ಹೆಚ್ಚು ಸತ್ವವನ್ನು ಪಡೆಯುವುದು ಅಡಿಗೆಯವರ ಕೈಯಲ್ಲಿದೆ. ಕ್ಯಾರೊಟೀನ್ ನೀರಿನಲ್ಲಿ ಕರಗದು, ಜಿಡ್ಡಿನಲ್ಲಿ ಕರಗುತ್ತದೆ. ಊಟದಲ್ಲಿ ಜಿಡ್ಡು ಇಲ್ಲದಿದ್ದರೆ ತಿಂದ ಸೊಪ್ಪು ಬಹುಮಟ್ಟಿಗೆ ಹಾಗೆಯೇ ಹೊರಕ್ಕೆ ಹೋಗುತ್ತದೆ. ಒಂದು ಚಮಚೆ ಎಣ್ಣೆಯ ಒಗ್ಗರಣೆಯೋ, ಹಿಡಿ ತೆಂಗಿನ ತುರಿಯೋ, ಹುರಿದ ಕಡಲೆಕಾಯಿಯ ಪುಡಿಯೋ ಸೇರಿದರೆ ಸಾಕು. ಸೊಪ್ಪನ್ನು ಬೇಯಿಸಿ ಚೆನ್ನಾಗಿ ಮಸೆದರೆ ಎಲೆಯ ಗೂಡು ಒಡೆದು ಸತ್ವವು ಬಿಡುಗಡೆಯಾಗುತ್ತದೆ. ಈ ದೃಷ್ಟಿಯಿಂದ ನಮ್ಮ ಮಸ್ಸೊಪ್ಪು ಹಸಿಸೊಪ್ಪಿಗಿಂತಲೂ ಉತ್ತಮವಾದ ಆಹಾರ. ಬಸ್ಸಾರಿನಲ್ಲಿ ಬಸಿದ ನೀರು ಸಾರಿಗೂ ಸೊಪ್ಪು ಪಲ್ಯಕ್ಕೂ ಹೋಗುವುದರಿಂದ ಯಾವುದೂ ನಷ್ಟವಾಗದು. ಆದರೆ ‘ಎ’ ಸತ್ವವು ಉಳಿಯುವುದು ಪಲ್ಯದಲ್ಲಿ, ಸಾರಿನಲ್ಲಲ್ಲ. ಮಕ್ಕಳಿಗೆ ಸಾರನ್ನು ಬಡಿಸಿ ಪಲ್ಯವನ್ನು ದೊಡ್ಡವರೇ ತಿಂದರೆ ಉದ್ದೇಶವು ಕೆಡುತ್ತದೆ. ಮುಚ್ಚಳವಿಲ್ಲದ ಬಾಣಲೆಯಲ್ಲಿ ಸೊಪ್ಪನ್ನು ಬಹುಹೊತ್ತು ಹುರಿಯಬಾರದು. ಬೇಸಗೆಗೆಂದು ಒಣಗಿಸಿಡುವವರು ನೆರಳಿನಲ್ಲಿ ಒಣಗಿಸತಕ್ಕದ್ದು. ಬಿಸಿಲಿನಲ್ಲಿ ಒಣಗಿ ಬಣ್ಣಗೆಟ್ಟ ಸೊಪ್ಪಿನಲ್ಲಿ ಕ್ಯಾರೊಟೀನ್ ಬಹುಭಾಗ ನಾಶವಾಗಿರುತ್ತದೆ.

ಮೊಟ್ಟೆ, ಮಾಂಸ ತಿನ್ನುವವರಿಗೆ ದಾರಿಯು ಸುಲಭ. ಕುರಿಯ ಈಲಿಯಲ್ಲಿ ಸಿದ್ಧಸತ್ವವು ನೂರು ಗ್ರಾಮಿಗೆ ಸುಮಾರು ೬,೭೦೦ ಮೈಕ್ರೋಗ್ರಾಂ ಇರುವುದರಿಂದ, ವಾರಕ್ಕೊಮ್ಮೆ ಒಂದು ಸಣ್ಣ ತುಂಡು ಮಗುವಿನ ಹಲವು ದಿನಗಳ ಅಗತ್ಯವನ್ನು ಪೂರೈಸುತ್ತದೆ. ದೇಹವು ಈ ಸತ್ವವನ್ನು ಈಲಿಯಲ್ಲಿಯೇ ಕೂಡಿಟ್ಟುಕೊಳ್ಳುತ್ತದೆ. ಕಣಜದಲ್ಲಿ ಧಾನ್ಯವನ್ನು ತುಂಬಿಟ್ಟಂತೆ. ಚೆನ್ನಾಗಿ ಉಂಡ ದೊಡ್ಡವರ ಕಣಜವು ತಿಂಗಳುಗಟ್ಟಲೆ ನಡೆಯುತ್ತದೆ. ಮಗುವಿನ ಕಣಜವು ಚಿಕ್ಕದು. ಮಾವಿನ ಸುಗ್ಗಿಯಲ್ಲಿಯೂ ಮಳೆಗಾಲದ ಸೊಪ್ಪಿನ ಕಾಲದಲ್ಲಿಯೂ ತುಂಬಿಕೊಂಡರೆ ಬೇಸಗೆಯನ್ನು ದಾಟಲು ನೆರವಾಗುತ್ತದೆ.

ಹಾಲಿನ ವಿಷಯದಲ್ಲಿ ರೈತರು ತಿಳಿಯತಕ್ಕ ಸಂಗತಿಯೊಂದುಂಟು. ಹಸುವಾಗಲಿ ಎಮ್ಮೆಯಾಗಲಿ ಈ ಸತ್ವವನ್ನು ಪಡೆಯುವುದು ಹಸುರು ಮೇವಿನ ಕ್ಯಾರೊಟೀನಿನಿಂದ. ಬಿಸಿಲಿಗೆ ಬಿಳಿಚಿದ ಬತ್ತದ ಹುಲ್ಲು, ರಾಗಿಯ ಹುಲ್ಲುಗಳಲ್ಲಿ ಅದು ಉಳಿದಿರುವುದಿಲ್ಲ. ಮಾಘದಿಂದ ವೈಶಾಖದವರೆಗೆ ಒಣಹುಲ್ಲನ್ನೇ ತಿಂದ ಹಸುವಿನ ತುಪ್ಪವು ಬಣ್ಣದಲ್ಲಿಯೂ ಸತ್ವದಲ್ಲಿಯೂ ಪೇಲವವಾಗುತ್ತದೆ. ಆ ಕಾಲದಲ್ಲಿ ದಿನಕ್ಕೊಂದು ಹೊರೆ ಹಸಿಜೋಳ, ಕುದುರೆಮಸಾಲೆ ಅಥವಾ ಅಗಸೆಯ ಸೊಪ್ಪನ್ನು ಒದಗಿಸಿದರೆ ದನಕ್ಕೂ ಮನೆಯವರಿಗೂ ಒಳಿತು. ಬಹುಕಾಲ ಹಸುರನ್ನು ಕಾಣದ ದನಕರುಗಳಿಗೂ ಇರುಳುಗುರುಡು ಬರುತ್ತದೆ. ಮುಸ್ಸಂಜೆಯಲ್ಲಿ ಕೊಟ್ಟಿಗೆಯ ಕಂಬಕ್ಕೆ ಹಾಯುವ ಕರುವನ್ನು ಕಂಡರೆ ಇದನ್ನು ಸಂದೇಹಿಸಬೇಕು. ಎಮ್ಮೆಯ ತುಪ್ಪವು ಬಿಳಿಯಾಗಿರುವುದರಿಂದ ನಿಸ್ಸತ್ವವೆಂದು ಕೆಲವರು ಹೇಳುತ್ತಾರೆ. ಅದು ತಪ್ಪು. ಎಮ್ಮೆಯು ಕ್ಯಾರೊಟೀನನ್ನು ಸತ್ವವನ್ನಾಗಿ ಮಾರ್ಪಡಿಸಿಯೇ ಹಾಲಿಗೆ ಬಿಡುತ್ತದೆ. ಹಸುವು ಸ್ವಲ್ಪ ಭಾಗವನ್ನು ಹಳದಿ ಬಣ್ಣವಾಗಿಯೇ ಬಿಡುತ್ತದೆ. ಮಜ್ಜಿಗೆಯಲ್ಲಿ ಬೇರೆ ಗುಣಗಳೆಷ್ಟಿದ್ದರೂ ಬೆಣ್ಣೆಯೊಡನೆ ಈ ಸತ್ವವು ಹೊರಟುಹೋಗಿರುತ್ತದೆ. ಬೆಣ್ಣೆಯನ್ನೆಲ್ಲ ಸಂತೆಗೆ ಕಳುಹಿಸುವ ಮನೆಯವರು ವಾರದಲ್ಲಿ ಒಂದು ದಿನದ ಬೆಣ್ಣೆಯನ್ನಾದರೂ ಮಕ್ಕಳಿಗೆ ಉಳಿಸಿಕೊಳ್ಳಬೇಕು.

ಗಿಣ್ಣುಹಾಲು ಈ ಸತ್ವದಲ್ಲಿ ಬಹಳ ಸಮೃದ್ಧವಾದುದು. ಕರುವು ಹುಟ್ಟುವಾಗ ಅದರ ಈಲಿಯಲ್ಲಿ ಸತ್ವದ ಸಂಗ್ರಹವು ಅತ್ಯಲ್ಪ. ಅದನ್ನು ತುಂಬುವುದಕ್ಕೆಂದೇ ಪ್ರಕೃತಿಯು ಗಿಣ್ಣನ್ನು ಏರ್ಪಡಿಸಿದೆ. ಕರು ಹೊಟ್ಟೆತುಂಬ ಕುಡಿದ ಮೇಲೆ ಮಿಕ್ಕುದರಲ್ಲಿ ಗಿಣ್ಣು ಮಾಡಿಕೊಳ್ಳಲು ಅಡ್ಡಿಯಿಲ್ಲ. ಮನುಷ್ಯರಲ್ಲಿಯೂ ಹೀಗೆಯೇ. ಬಾಣಂತಿಯ ಮೊದಲ ಹಳದಿ ಹಾಲನ್ನು ಕೆಟ್ಟದೆಂದು ಹಿಂಡಿ ಚೆಲ್ಲುವ ಪದ್ಧತಿಯು ಎಲ್ಲಿಯಾದರೂ ಇದ್ದರೆ ಅದನ್ನು ಬಿಡಿಸತಕ್ಕದ್ದು. ಆ ಹಳದಿಯೇ ಅದರ ಬೆಲೆ. ಬಾಣಂತಿಗೆ ಸೊಪ್ಪು, ಹಣ್ಣುಗಳನ್ನು ನಿಷೇಧಿಸಿ ಬರಿಯ ಅನ್ನ, ಮೆಣಸಿನ ಸಾರಿನಲ್ಲಿಡುವುದೂ ತರವಲ್ಲ; ತಾಯಿಯಲ್ಲಿ ಇಲ್ಲದುದು ಹಾಲಿಗೆ ಬರಲಾರದು.

ಇಷ್ಟು ಹೇಳಿದ ಮೇಲೂ ಒಂದು ಮಾತನ್ನು ಸ್ಪಷ್ಟಪಡಿಸುವುದು ಕರ್ತವ್ಯ. ಸೊಪ್ಪು ರೋಗವನ್ನು ತಡೆಯುವುದಕ್ಕೆ ಒಳ್ಳೆಯದು. ರೋಗವು ಕಾಣಿಸಿಕೊಂಡ ಮೇಲೆ ಅದನ್ನೇ ನಂಬಿ ಕೂರಬಾರದು. ಮುಸ್ಸಂಜೆಯಲ್ಲಿ ಎಡವುವ, ಕಣ್ಣಿನ ಹೊಳಪು ಕಳೆದುಕೊಂಡ, ಅಥವಾ ದಡಾರವೆದ್ದ ಮಗುವನ್ನು ಅಂದೇ ಆರೋಗ್ಯಕೇಂದ್ರಕ್ಕೆ ಕರೆದುಕೊಂಡು ಹೋಗಬೇಕು. ಕಣ್ಣಿಗೆ ಸೊಪ್ಪಿನ ರಸವನ್ನಾಗಲಿ ಹಾಲನ್ನಾಗಲಿ ಹಿಂಡುವುದು ಅಪಾಯ. ಸತ್ವವು ಹೊಟ್ಟೆಯ ಮೂಲಕವೇ ಕಣ್ಣಿಗೆ ಹೋಗತಕ್ಕದ್ದು. ನಮ್ಮ ದೇಶದಲ್ಲಿ ೧೯೭೦ರಿಂದ ಮಕ್ಕಳಿಗೆ ಈ ಸತ್ವದ ದ್ರಾವಣವನ್ನು ಕುಡಿಸುವ ಏರ್ಪಾಡು ಇದೆ. ಒಂಬತ್ತು ತಿಂಗಳಲ್ಲಿ ದಡಾರದ ಲಸಿಕೆಯೊಡನೆ ಒಂದು ಲಕ್ಷ ಮಾನ, ಆಮೇಲೆ ಆರಾರು ತಿಂಗಳಿಗೊಮ್ಮೆ ಎರಡು ಲಕ್ಷ ಮಾನದಂತೆ ಐದು ವರ್ಷ ತುಂಬುವುದರೊಳಗೆ ಒಟ್ಟು ಒಂಬತ್ತು ಸಲ ಕೊಡುತ್ತಾರೆ. ಎಷ್ಟು ಸಲ ಆಗಿದೆಯೆಂಬುದನ್ನು ತಾಯಿಯ ಕಾರ್ಡಿನಲ್ಲಿ ಬರೆಸಿಡಬೇಕು. ಒಳ್ಳೆಯದೆಂದು ಎರಡು ಪಾಲು ಕುಡಿಸುವುದು ಸಲ್ಲದು. ಸಿದ್ಧಸತ್ವವು ದೇಹದಲ್ಲಿ ಶೇಖರವಾಗುವುದರಿಂದ ಅತಿಯಾದರೆ ತಲೆನೋವು, ವಾಂತಿ, ಈಲಿಯ ಕೆಡುಕುಗಳನ್ನು ತರುತ್ತದೆ. ಗರ್ಭಿಣಿಯರು ವೈದ್ಯರನ್ನು ಕೇಳದೆ ಇದರ ಗುಳಿಗೆಗಳನ್ನು ನುಂಗಿದರೆ ಹುಟ್ಟುವ ಶಿಶುವಿಗೆ ಅಂಗದೋಷವಾಗುವ ಭಯವುಂಟು. ಸೊಪ್ಪು, ಹಣ್ಣುಗಳಲ್ಲಿ ಈ ಭಯವಿಲ್ಲ. ಅತಿಯಾದರೆ ಅಂಗೈ ಹಳದಿಯಾದೀತು, ಅಷ್ಟೆ.

ಇನ್ನು ಹಿತ್ತಲಿನ ಕೆಲಸ. ಮುಂಗಾರು ಹಿಡಿಯುವ ಮೊದಲು ತೋಳುಗಾತ್ರದ, ಮೂರು ನಾಲ್ಕು ಅಡಿ ಉದ್ದದ ನುಗ್ಗೆಯ ಕೊಂಬೆಯನ್ನು ನೀರು ನಿಲ್ಲದ ಕಡೆ ನೆಟ್ಟು, ಮೇಲಿನ ತುದಿಗೆ ಸಗಣಿಯನ್ನು ಮೆತ್ತಬೇಕು. ಸೊಪ್ಪಿಗಾಗಿ ಬೆಳೆಸುವ ಗಿಡವನ್ನು ಎದೆಯೆತ್ತರಕ್ಕೆ ಕತ್ತರಿಸುತ್ತಿದ್ದರೆ ಚಿಗುರು ಕೈಗೆ ಎಟಕುತ್ತದೆ. ನುಗ್ಗೆಯ ಕೊಂಬೆಯು ಬಹಳ ಪೆಡಸಾದ್ದರಿಂದ ಹುಡುಗರು ಹತ್ತಿ ಬೀಳುವುದೂ ತಪ್ಪುತ್ತದೆ. ಬಚ್ಚಲ ನೀರಿನ ಕಾಲುವೆಯ ಪಕ್ಕದಲ್ಲಿ ಬಸಳೆ, ಸಿಹಿಗುಂಬಳ, ಒಂದು ಮಡಿ ದಂಟು ಇರಲಿ. ದಂಟಿನ ಬೀಜವು ಸಣ್ಣದಾದ್ದರಿಂದ ಮರಳಿನೊಡನೆ ಬೆರೆಸಿ ಎರಚಿದರೆ ಒಂದೇ ಸಮನಾಗಿ ಬೀಳುತ್ತದೆ. ಹದಿನೈದು ದಿನಗಳಿಗೊಂದು ಸಲ ಸ್ವಲ್ಪ ಸ್ವಲ್ಪ ಬಿತ್ತುತ್ತಿದ್ದರೆ ಸೊಪ್ಪು ತಪ್ಪದು. ಪರಂಗಿಗೆ ಬುಡದಲ್ಲಿ ನೀರು ನಿಂತರೆ ಕೊಳೆಯುವುದರಿಂದ ದಿಬ್ಬದಲ್ಲಿ ನೆಡಬೇಕು; ಗಂಡು ಹೆಣ್ಣು ಬೇರೆ ಬೇರೆಯಾದ ಜಾತಿಯಾದರೆ ಗುಣಿಗೆ ಮೂರು ಸಸಿಯಿಟ್ಟು, ಹೂವು ಕಂಡ ಮೇಲೆ ಹೆಚ್ಚಿನ ಗಂಡುಗಳನ್ನು ಕೀಳಬಹುದು. ಗೆಣಸು ಬೆಳೆಯುವವರು ಕಿತ್ತಳೆಬಣ್ಣದ ತಿರುಳಿನ ತಳಿಯ ಬಳ್ಳಿಯನ್ನು ಹುಡುಕಿ ತರುವುದು ಲೇಸು. ಬಿಳಿತಿರುಳಿನದರಲ್ಲಿ ಕ್ಯಾರೊಟೀನ್ ಹೆಚ್ಚಿಲ್ಲ.

ನುಗ್ಗೆಯ ಮರಕ್ಕೆ ಕಂಬಳಿಹುಳು ಬರುತ್ತದೆಂದು ಮರವನ್ನೇ ಕಡಿದುಹಾಕುವವರಿದ್ದಾರೆ. ಹುಳುಗಳು ಹಗಲು ಕಾಂಡದ ಮೇಲೆ ಒತ್ತೊತ್ತಾಗಿ ಗುಂಪುಕೂಡುವ ಸ್ವಭಾವವುಳ್ಳವು. ಆಗ ಉದ್ದನೆಯ ಕೋಲಿಗೆ ಚಿಂದಿಯನ್ನು ಸುತ್ತಿ, ಎಣ್ಣೆಯಲ್ಲಿ ಅದ್ದಿ ಹೊತ್ತಿಸಿ, ತೊಗಟೆಯು ಸುಡದಂತೆ ಗುಂಪಿನ ಮೇಲೆ ಒಮ್ಮೆ ಆಡಿಸಿದರೆ ಒಟ್ಟಿಗೆ ಉದುರಿ ನಾಶವಾಗುತ್ತವೆ. ಮನೆಯ ಮಾಡು ಹುಲ್ಲಿನದಾಗಿದ್ದರೆ ಬೆಂಕಿಯನ್ನು ಉಪಯೋಗಿಸದೆ, ಸಾಬೂನುನೀರನ್ನು ರಭಸದಿಂದ ಎರಚಿ ಉದುರಿಸಿ ಹೂಳತಕ್ಕದ್ದು. ಸೊಪ್ಪಿಗೆಂದು ಬೆಳೆಸಿದ ಗಿಡದ ಮೇಲೆ ವಿಷದ ಔಷಧಿಯನ್ನು ಸಿಂಪಡಿಸಕೂಡದು.